ಮೂಗಿಗೆ ಭಾರವಾದ ಗಾಗಲ್ ಜೇಬಿನಲ್ಲೇ ಉಳಿಯುತ್ತದೆ

ಮೊನ್ನೆ ಶಹಾಬಾದ್ ಹತ್ತಿರದ ಒಂದು ಫರಸಿ ಖಣಿಗೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡೂವರೆ ಆಗಿರಬೇಕು. ಕಲ್ಲು ಕೊಯ್ಯುವ ಮಿಷಿನ್ನಿಗೆ ನೀರು ಬಿಡುತ್ತಾರಲ್ಲ, ಆ ನೀರು ಕೊಯ್ದ ಫರಸಿ ಮೇಲೆ ತೆಳ್ಳಗೆ ನಿಂತು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕಲ್ಲು ಎತ್ತುವ ಹುಡುಗ ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿಕೊಂಡು ಕೆಲಸ ಮಾಡುತ್ತಿದ್ದ. ತಲೆಗೆ ಟವೆಲ್ ಸುತ್ತಿದ್ದಾನೆ, ಕೈಗೆ ಹಳೆ ಟ್ಯೂಬಿನ ರಬ್ಬರ್ ಕಟ್ಟಿದ್ದಾನೆ, ಕಣ್ಣಿಗೆ ಮಾತ್ರ ಏನೂ ಇಲ್ಲ. ನನ್ನ ಗಾಗಲ್ ತೆಗೆದು ಕೊಟ್ಟೆ. ಹಾಕಿಕೊಂಡು ಕಲ್ಲಿನ ಕಡೆ ನೋಡಿದ. "ನೀರ್ ಎಲ್ಲಿ ಹೋತ್ರಿ?" ಅಂದ.

ನೀರು ಅಲ್ಲೇ ಇತ್ತು. ಅದರ ಮೇಲಿನ ಹೊಳಪು ಹೋಗಿತ್ತು, ಕೆಳಗಿನ ಕಲ್ಲಿನ ಗೆರೆ ಕಾಣುತ್ತಿತ್ತು. ಪೋಲರೈಸ್ಡ್ ಗಾಗಲ್ ಮಾಡುವ ಕೆಲಸ ಇಷ್ಟೇ.

ಎರಡು ನಿಮಿಷ ಹಾಕಿಕೊಂಡು ವಾಪಸ್ ಕೊಟ್ಟ. "ಇದ ಹಾಕ್ಕೊಂಡು ಕೆಲ್ಸ ಮಾಡಿದ್ರ ಮಂದಿ ನಗ್ತಾರ್ರಿ." ಆ ಮಾತು ನನಗೆ ಬಹಳ ಚುಚ್ಚಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42, 43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಾಯಿಸುವ ಭಾಗ ನಮ್ಮದು. ಛತ್ರಿ ಹಿಡಿದರೆ ಯಾರೂ ನಗಲ್ಲ. ತಲೆಗೆ ಟವೆಲ್ ಹಾಕಿದರೆ ನಗಲ್ಲ. ಗಾಗಲ್ ಹಾಕಿದ ಕೂಡಲೇ "ಏನಪ್ಪಾ ಶೋಕಿ" ಅಂತಾರೆ. ಕಣ್ಣೇನು ಕಲ್ಲಿನಿಂದ ಮಾಡಿದ್ದಾ?

ನಮ್ಮ ಅಪ್ಪ ನಲವತ್ತು ವರ್ಷ ತೊಗರಿ ಹೊಲದಲ್ಲಿ ದುಡಿದವರು. ಅವರ ಬಲಗಣ್ಣಿನ ಮೂಗಿನ ಕಡೆಯ ಮೂಲೆಯಿಂದ ಕೆಂಪಗೆ ತೆಳ್ಳನೆ ಪೊರೆ ಹಾಗೆ ಮಾಂಸ ಬೆಳೆಯಿತು. ದುರ್ಮಾಂಸ ಅಂತಾರಲ್ಲ, ಅದು. ಮೊದಲು ಬರೀ ಕಡಿತ, ನೀರು ಸುರಿಯುವುದು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಅದು ಕರಿಗುಡ್ಡೆ ಮೇಲೆ ಹತ್ತಿ, ನೋಟ ಮಂಜಾಗಿ, ಆಪರೇಷನ್ ಮಾಡಿಸಬೇಕಾಯಿತು. ಬಿಸಿಲು, ಧೂಳು, ಗಾಳಿ, ಇವೇ ಕಾರಣ ಅಂತ ಡಾಕ್ಟರ್ ಹೇಳಿದರು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣ ವರ್ಷಗಟ್ಟಲೆ ಬಿದ್ದರೆ ಮೋತಿಬಿಂದೂ, ಅಂದರೆ ಕಣ್ಣಿನ ಪೊರೆ, ಬೇಗ ಬರಬಹುದು ಅಂದರು. ಅವತ್ತಿನಿಂದ ನಾನು ಗಾಗಲ್ ಇಲ್ಲದೆ ಬೈಕ್ ಹತ್ತುವುದಿಲ್ಲ.

ಆದರೆ ಮೊದಲು ತಗೊಂಡಿದ್ದೇ ತಪ್ಪು ಗಾಗಲ್. ರಸ್ತೆ ಬದಿಯಲ್ಲಿ 150 ರೂಪಾಯಿಗೆ ಸಿಕ್ಕಿತು, ಕರ್ರಗೆ ಇತ್ತು, ಚೆನ್ನಾಗಿ ತಡೆಯುತ್ತದೆ ಅಂದುಕೊಂಡೆ. ಹದಿನೈದು ದಿನ ಸಂಜೆ ಆದರೆ ತಲೆನೋವು. ಆಮೇಲೆ ಗೊತ್ತಾಯಿತು, ಗಾಜು ಎಷ್ಟು ಕಪ್ಪು ಅನ್ನುವುದಕ್ಕೂ ಯುವಿ ತಡೆಯುವುದಕ್ಕೂ ಸಂಬಂಧವೇ ಇಲ್ಲ. ಕಪ್ಪು ಗಾಜಿನ ಹಿಂದೆ ಕತ್ತಲೆ ಅಂತ ಪಾಪೆ ಅಗಲ ಆಗುತ್ತದೆ. ಗಾಜಿನಲ್ಲಿ ಯುವಿ ತಡೆ ಇಲ್ಲದಿದ್ದರೆ ಆ ಅಗಲವಾದ ಪಾಪೆಯಿಂದ ಕಿರಣ ಒಳಗೆ ಜಾಸ್ತಿ ಹೋಗುತ್ತದೆ. ನಾವು ಅದಕ್ಕೆ ಕೂಲಿಂಗ್ ಗ್ಲಾಸ್ ಅಂತ ಹೆಸರಿಟ್ಟು ಸುಮ್ನೆ ನಂಬಿಬಿಟ್ಟಿದ್ದೇವೆ.

ಹಾಗಾಗಿ ಮೊದಲು ನೋಡಬೇಕಾದ್ದು ಯುವಿ400. ಅಂದರೆ 400 ನ್ಯಾನೋಮೀಟರ್‌ವರೆಗಿನ ಯುವಿ ಕಿರಣ ತಡೆಯಬೇಕು. ಬರೀ ಸ್ಟಿಕ್ಕರ್ ನಂಬಬೇಡಿ. ಸ್ವಲ್ಪ ದೊಡ್ಡ ಆಪ್ಟಿಕಲ್ ಅಂಗಡಿಯಲ್ಲಿ ಯುವಿ ಅಳೆಯುವ ಸಣ್ಣ ಮಿಷಿನ್ ಇರುತ್ತದೆ, ಅದರಲ್ಲಿ ಇಟ್ಟು ತೋರಿಸಿ ಅಂತ ಕೇಳಿ. ನಾಚಿಕೆ ಬೇಡ. ಇನ್ನೊಂದು, ಕಡ್ಡಿಯ ಒಳಗಡೆ ಕ್ಯಾಟಗರಿ ನಂಬರ್ ಬರೆದಿರುತ್ತಾರೆ. ನಮ್ಮ ಬಿಸಿಲಿಗೆ 3 ಸಾಕು, ಅದು ಬೆಳಕನ್ನು 8ರಿಂದ 18 ಪರ್ಸೆಂಟ್ ಮಾತ್ರ ಒಳಗೆ ಬಿಡುತ್ತದೆ. 4 ಅಂತ ಇದ್ದರೆ ಗಾಡಿ ಓಡಿಸುವವರು ಮುಟ್ಟಲೇಬೇಡಿ, ಅಷ್ಟು ಕಪ್ಪು ಗಾಜು ಹಾಕಿಕೊಂಡು ಓಡಿಸಬಾರದು.

ಈಗ ಪೋಲರೈಸ್ಡ್ ವಿಷಯ. ಇದು ಯುವಿಯಿಂದ ಬೇರೆಯೇ ಗುಣ. ಎರಡೂ ಒಂದೇ ಅಂತ ಅಂಗಡಿಯವರೂ ಹೇಳುತ್ತಾರೆ, ಅಲ್ಲ. ನೀರು, ಡಾಂಬರು, ಕಾರಿನ ಗಾಜು, ಇಂಥ ಮಟ್ಟಸ ನುಣುಪಿನ ಮೇಲೆ ಬಿದ್ದು ಬರುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತಾ ಬರುತ್ತದೆ. ಪೋಲರೈಸ್ಡ್ ಲೆನ್ಸಿನೊಳಗಿನ ಪದರ ಉದ್ದುದ್ದ ಕಂಪಿಸುವ ಬೆಳಕನ್ನು ಬಿಟ್ಟು ಅಡ್ಡದ್ದನ್ನು ನುಂಗಿಬಿಡುತ್ತದೆ. 1808ರಲ್ಲಿ ಫ್ರಾನ್ಸಿನ ಮಾಲ್ಯುಸ್ ಅನ್ನುವವರು ಒಂದು ಹರಳು ಹಿಡಿದುಕೊಂಡು, ಎದುರಿನ ಅರಮನೆ ಕಿಟಕಿಯಲ್ಲಿ ಹೊಳೆಯುವ ಸಂಜೆ ಸೂರ್ಯನನ್ನು ನೋಡುತ್ತಾ ಹರಳು ತಿರುಗಿಸಿದಾಗ ಹೊಳಪಿನ ಬೆಳಕಿನ ಈ ಗುಣವನ್ನು ಕಂಡುಹಿಡಿದರಂತೆ. ನಮಗೆ ಹರಳು ಬೇಡ, ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆ ಸಾಕು. ಬೆಳಗ್ಗೆ ಅಲ್ಲಿ ನಿಂತು ಬರಿಗಣ್ಣಲ್ಲಿ ನೋಡಿದರೆ ಭೀಮಾ ನದಿ ಬೆಳ್ಳಿ ತಗಡು. ಗಾಗಲ್ ಹಾಕಿದರೆ ನೀರು ಹಸಿರು, ದಂಡೆ ಹತ್ತಿರ ತಳದ ಕಲ್ಲೂ ಕಾಣುತ್ತವೆ.

ನನಗೆ ಇದು ದಿನಾ ಬೇಕು. ವ್ಯಾಪಾರಕ್ಕೆ ಬೆಳಗ್ಗೆ ಸೇಡಂ ಕಡೆ ಹೊರಟರೆ ಸೂರ್ಯ ಎದುರಿಗೆ, ಸಂಜೆ ಕಲಬುರಗಿಗೆ ವಾಪಸ್ ಬಂದರೂ ಎದುರಿಗೇ. ಮುಂದೆ ಸಿಮೆಂಟ್ ಲಾರಿ, ಅದರ ಹಿಂದೆ ಕಾರು, ಕಾರಿನ ಹಿಂದಿನ ಗಾಜಿನಿಂದ ಕಣ್ಣಿಗೆ ನೇರ ಕುಕ್ಕುವ ಬೆಳಕು. ಒಂದು ಸಾರಿ ಆ ಹೊಳಪಿನಲ್ಲಿ ರಸ್ತೆ ದಾಟುತ್ತಿದ್ದ ಎಮ್ಮೆ ಕಂಡಿದ್ದೇ ಹತ್ತು ಅಡಿ ದೂರ ಇದ್ದಾಗ. ಬ್ರೇಕ್ ಹಿಡಿಯಿತು, ಉಳಿದೆ.

ಇಷ್ಟೆಲ್ಲ ಇದ್ದರೂ ಗಾಗಲ್ ಭಾರ ಇದ್ದರೆ ಎಲ್ಲ ದಂಡ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ನನ್ನ ಎರಡನೇ ಗಾಗಲ್ ಪೋಲರೈಸ್ಡ್ ಇತ್ತು, ಯುವಿ ಇತ್ತು, ನೋಡಲೂ ಚೆಂದ ಇತ್ತು, ಆದರೆ ಗಾಜಿನ ಲೆನ್ಸು, ಕಬ್ಬಿಣದಂಥ ಫ್ರೇಮು. ಸರಾಫ ಬಜಾರದಲ್ಲಿ ಗೆಳೆಯನ ಬಂಗಾರದ ತಕ್ಕಡಿಯಲ್ಲಿ ಇಟ್ಟು ತೂಗಿದೆವು. 44 ಗ್ರಾಂ! ಕೈಯಲ್ಲಿ ಏನೂ ಅನಿಸಲ್ಲ. ಮೂಗಿನ ಮೇಲೆ ನಾಲ್ಕು ತಾಸು, ಅದೂ ಬೆವರಿನ ಜೊತೆ ಇಟ್ಟು ನೋಡಿ. ಮೂಗಿನ ಎರಡೂ ಕಡೆ ಕೆಂಪು ಗುಳಿ ಬಿದ್ದು, ಅದರಲ್ಲಿ ಬೆವರು ಇಳಿದು ಉರಿಯುತ್ತದೆ. ಐದು ನಿಮಿಷಕ್ಕೊಮ್ಮೆ ಜಾರುತ್ತದೆ, ಬೆರಳಲ್ಲಿ ಮೇಲೆ ತಳ್ಳಬೇಕು. ಹೆಲ್ಮೆಟ್ ಒಳಗೆ ದಪ್ಪ ಕಡ್ಡಿ ಕಿವಿ ಮೇಲೆ ಒತ್ತಿ ಒತ್ತಿ ಅರ್ಧ ತಾಸಿಗೆ ತಲೆ ಸಿಡಿಯುತ್ತದೆ. ಆಮೇಲೆ ಏನಾಗುತ್ತದೆ? ತೆಗೆದು ಜೇಬಿಗೆ. ಎರಡು ಸಾವಿರದ ಗಾಗಲ್ ಜೇಬಲ್ಲಿ, ಬಿಸಿಲು ಕಣ್ಣಲ್ಲಿ.

ಈಗಿನದು 21 ಗ್ರಾಂ. ಹಾಕಿಕೊಂಡಿದ್ದೇ ಮರೆತುಹೋಗುತ್ತದೆ, ಮೊನ್ನೆ ಹಾಗೇ ಮುಖ ತೊಳೆಯಲು ಹೋಗಿದ್ದೆ. ಫ್ರೇಮು ಟಿಆರ್-90 ಅನ್ನುವ ನೈಲಾನ್ ಜಾತಿಯದು, ಬಗ್ಗಿಸಿದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಲೆನ್ಸು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು. ಅಷ್ಟೇ ಗಾತ್ರದ ಗಾಜಿನ ತೂಕದಲ್ಲಿ ಅರ್ಧದಷ್ಟೂ ಇರುವುದಿಲ್ಲ, ಕಲ್ಲಿನ ಚೂರು ಸಿಡಿದರೂ ಸುಲಭಕ್ಕೆ ಒಡೆಯಲ್ಲ. ಗೀರು ಮಾತ್ರ ಬೇಗ ಬೀಳುತ್ತದೆ, ಹಾಗಾಗಿ ಗೀರು ತಡೆಯುವ ಕೋಟಿಂಗ್ ಇದೆಯಾ ಕೇಳಿ, ಅಂಗಿಯ ತುದಿಯಲ್ಲಿ ಫರಸಿ ಧೂಳು ಒರೆಸುವ ಚಟ ಬಿಡಿ, ಮೊದಲು ನೀರು ಹಾಕಿ ತೊಳೆಯಿರಿ. ಕಮ್ಮಿ ರೇಟಿಗೆ ಸಿಗುವ ಟಿಎಸಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಲೆನ್ಸೂ ಹಗುರವೇ, ಪೋಲರೈಸ್ಡೂ ಹೌದು, ಆದರೆ ಬೈಕಿನವರಿಗೆ ನಾನು ಪಾಲಿಕಾರ್ಬೊನೇಟನ್ನೇ ಹೇಳುತ್ತೇನೆ. ಮೂಗಿನ ಹತ್ತಿರ ಮೆತ್ತನೆ ರಬ್ಬರ್ ಪ್ಯಾಡ್ ಇರಲಿ, ಕಡ್ಡಿ ತೆಳ್ಳಗೆ ನೇರ ಇರಲಿ. ಅಂಗಡಿಗೆ ಹೋಗುವಾಗ ಹೆಲ್ಮೆಟ್ ತಗೊಂಡೇ ಹೋಗಿ, ಹಾಕಿ ನೋಡಿ, ಕೆಳಗೆ ಬಗ್ಗಿ ತಲೆ ಅಲ್ಲಾಡಿಸಿ. ಜಾರಿದರೆ ಬೇಡ. ಬಣ್ಣ ಬೂದಿ ತಗೊಂಡರೆ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಕಂದು ತಗೊಂಡರೆ ರಸ್ತೆಯ ಗುಂಡಿ ಇನ್ನಷ್ಟು ಎದ್ದು ಕಾಣುತ್ತದೆ, ನನಗೆ ಅದೇ ಇಷ್ಟ.

ಪೋಲರೈಸ್ಡ್ ಹೌದೋ ಅಲ್ಲವೋ ಅಂತ ಅಲ್ಲೇ ಪರೀಕ್ಷೆ ಮಾಡಬಹುದು. ಅಂಗಡಿ ಹೊರಗೆ ನಿಂತ ಕಾರಿನ ಗಾಜಿನ ಹೊಳಪನ್ನು ಲೆನ್ಸಿನಿಂದ ನೋಡುತ್ತಾ ಗಾಗಲ್ಲನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ. ಹೊಳಪು ಹೋಗಿ ಬಂದು ಮಾಡಿದರೆ ಅಸಲಿ. ಇಲ್ಲವಾದರೆ ಇನ್ನೊಂದು ಪೋಲರೈಸ್ಡ್ ಗಾಗಲ್ ಇಸಿದುಕೊಂಡು ಒಂದರ ಮೇಲೊಂದು ಅಡ್ಡ ಹಿಡಿಯಿರಿ, ಎರಡೂ ಅಸಲಿ ಆದರೆ ಪೂರ್ತಿ ಕಪ್ಪಾಗುತ್ತದೆ. ನನಗೆ ಒಂದು ಕಡೆ ಪೋಲರೈಸ್ಡ್ ಅಂತ ಹೇಳಿ ಸಾದಾ ಗಾಜು ಕೊಟ್ಟಿದ್ದರು, ಹೀಗೆ ತಿರುಗಿಸಿ ತೋರಿಸಿದ ಮೇಲೆ ಮಾತಾಡದೆ ದುಡ್ಡು ವಾಪಸ್ ಕೊಟ್ಟರು.

ಎಲ್ಲವನ್ನೂ ಇದು ಮಾಡಲ್ಲ. ದೂರದ ರಸ್ತೆಯಲ್ಲಿ ನೀರು ನಿಂತ ಹಾಗೆ ಕಾಣುವ ಬಿಸಿಲ್ಗುದುರೆ ಹೋಗಲ್ಲ, ಅದು ಬಿಸಿ ಗಾಳಿಯಲ್ಲಿ ಬೆಳಕು ಬಾಗಿ ಬರುವುದು, ನುಣುಪಿನ ಮೇಲಿನ ಹೊಳಪಲ್ಲ. ಒರಟಾದ ಒಣ ಕಲ್ಲಿನ ಬಿಳುಪೂ ಅಷ್ಟಾಗಿ ಕಮ್ಮಿ ಆಗಲ್ಲ, ಅಲ್ಲಿ ಕೆಲಸ ಮಾಡುವುದು ಬರೀ ಗಾಜಿನ ಕಪ್ಪು. ಕೆಲವು ಮೊಬೈಲ್ ಪರದೆ, ಪೆಟ್ರೋಲ್ ಬಂಕಿನ ಮೀಟರ್ ಕಪ್ಪಾಗಿ ಕಾಣಬಹುದು, ತಲೆ ಸ್ವಲ್ಪ ವಾಲಿಸಿದರೆ ಸರಿ ಹೋಗುತ್ತದೆ. ಕಾರಿನ ಗಾಜಿನಲ್ಲಿ ಚುಕ್ಕಿ ಚುಕ್ಕಿ ಕಂಡರೆ ಹೆದರಬೇಡಿ, ಅದು ಗಾಜನ್ನು ಗಟ್ಟಿ ಮಾಡುವಾಗ ಉಳಿದ ಒತ್ತಡದ ಗುರುತು. ಕತ್ತಲಾದ ಮೇಲೆ ತೆಗೆದಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ, ಆ ಕಾವಿಗೆ ಪದರ ಬಿಟ್ಟುಕೊಳ್ಳುತ್ತದೆ.

ಬರುವ ಸೋಮವಾರ ಮತ್ತೆ ಆ ಖಣಿಗೆ ಹೋಗುವುದಿದೆ. ಎರಡು ಗಾಗಲ್ ತಂದಿಟ್ಟಿದ್ದೇನೆ, ಕಲ್ಲಿನ ಕೆಲಸಕ್ಕೇ ಅಂತ ಮಾಡಿದ್ದು, ಪಕ್ಕದಿಂದ ಚೂರು ಬರದ ಹಾಗೆ ಮುಚ್ಚಿರುವುದು, ಹಗುರ. ಒಂದು ಆ ಹುಡುಗನಿಗೆ, ಇನ್ನೊಂದು ಮಿಷಿನ್ ನಡೆಸುವ ಹಿರಿಯನಿಗೆ. ಹಿರಿಯ ಮೊದಲು ಹಾಕಿಕೊಂಡರೆ ಹುಡುಗನನ್ನು ನೋಡಿ ಅಲ್ಲಿ ಯಾರೂ ನಗಲ್ಲ.