ಅದೃಶ್ಯಗವಸು

"ಮಾಟ-ಮಂತ್ರ, ಕರಾಳ ಭವಿಷ್ಯ, ಮೇಲಿಂದ ಚಿಟಿಕೆ ಸಾಮಾಜಿಕ ಅನ್ಯಾಯ. ಹಂಗೊಂದು ಕಾದಂಬರಿ ಬರೀರಿ, ಈಗಿನ ಹುಡುಗರು ಓದ್ತಾರೆ" ಅಂದರು ಸಂಪಾದಕರು. ಮೂರು ಅಧ್ಯಾಯ ಬರೆದುಕೊಟ್ಟೆ. ಮೂರೂ ವಾಪಸ್ ಬಂದವು, ಕೆಂಪಿಂಕಿನ ಗುರುತು ಸಮೇತ.

ಮೊದಲನೆಯದರಲ್ಲಿ ಒಂದು ರಾಜ್ಯ. ಬೀದಿಗೊಂದು ದುಂಡನೆ ಕಬ್ಬಿಣದ ಮುಚ್ಚಳ, ಅದರ ಕೆಳಗೊಂದು ಭೂತ. ಹೆಸರು ಹೈಡ್ರೋಜನ್ ಸಲ್ಫೈಡ್, ಚರಂಡಿಯ ವಿಷಾನಿಲ. ಮೊದಲು ಕೊಳೆತ ಮೊಟ್ಟೆಯ ನಾತ ಬಿಡುತ್ತದೆ, ಆಮೇಲೆ ಮೂಗನ್ನೇ ಮರಗಟ್ಟಿಸುತ್ತದೆ. ನಾತ ಹೋಯ್ತು ಅಂತ ಇಳಿದವನು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಜೀವ ಹೋಗಿರುತ್ತದೆ. ಆಸ್ಥಾನದ ಪಂಡಿತರು ಸಭೆ ಸೇರಿ ಕಾರಣ ಹುಡುಕಿದರು: 'ಮ್ಯಾನ್‌ಹೋಲ್' ಎಂಬ ಹೆಸರಲ್ಲೇ ಮ್ಯಾನ್ ಇದ್ದಾನೆ, ಇಳಿಯದೆ ಏನು ಮಾಡ್ತಾನೆ? ಇನ್ನು 'ಮಷೀನ್‌ಹೋಲ್' ಅನ್ನಿ.

ಷರಾ: "ಇಷ್ಟು ಪೆದ್ದ ಆಸ್ಥಾನ ಎಲ್ಲಾದರೂ ಉಂಟೇ?"

2020ರ ನವೆಂಬರಿನಲ್ಲಿ ದಿಲ್ಲಿಯಿಂದಲೇ ಬಂದ ಸುದ್ದಿ ಸ್ವಾಮಿ, ನನ್ನ ತಲೆಯಿಂದ ಬಂದದ್ದಲ್ಲ. ಕನ್ನಡದ 'ಆಳುಗುಂಡಿ'ಗಾದರೂ ಮುಚ್ಚುಮರೆಯಿಲ್ಲ. ಆಳು, ಗುಂಡಿ. ಎರಡೂ ಎದುರಿಗೇ ಇವೆ.

ಎರಡನೆಯದರಲ್ಲಿ ಮಾಯಾ ಕೈಗವಸು. ಮಲ ಬಳಿಯುವವನು ಅದನ್ನು ತೊಟ್ಟ ಕೂಡಲೇ ಮಲ ಬಳಿಯುವವನಾಗಿ ಉಳಿಯುವುದಿಲ್ಲ. ಅವನೂ ಅಲ್ಲೇ, ಮಲವೂ ಅಲ್ಲೇ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಮಾಯ. ಇದೂ ನನ್ನ ಕಲ್ಪನೆಯಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ: ಸರ್ಕಾರ ಸೂಚಿಸಿದ ಸಲಕರಣೆ, ರಕ್ಷಣಾ ಸಾಮಗ್ರಿ ಬಳಸಿ ಮಲ ಶುಚಿಮಾಡುವವನನ್ನು ಮಲ ಹೊರುವವನು ಎಂದು ಪರಿಗಣಿಸತಕ್ಕದ್ದಲ್ಲ. ಷರಾ: "ಅದೃಶ್ಯಗವಸು ಹಳೇ ಸರಕು."

ಮೂರನೆಯದರಲ್ಲಿ ಸತ್ತವರನ್ನು ಬದುಕಿಸುವ ಮಂತ್ರ. 2021ರ ಫೆಬ್ರುವರಿಯಲ್ಲಿ ಸರ್ಕಾರ ಲೋಕಸಭೆಗೆ ಲೆಕ್ಕ ಕೊಟ್ಟಿತು: ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುತ್ತ ಐದು ವರ್ಷದಲ್ಲಿ ಸತ್ತವರು 340. ಜುಲೈನಲ್ಲಿ ರಾಜ್ಯಸಭೆ ಕೇಳಿತು, ಮಲ ಹೊರುವ ಕೆಲಸದಿಂದ ಎಷ್ಟು ಜನ ಸತ್ತರು? ಒಬ್ಬರೂ ಇಲ್ಲ! ಹೊರುವುದು ಬೇರೆ, ಇಳಿಯುವುದು ಬೇರೆ. ಇಳಿದು ಸತ್ತವನು ಹೊತ್ತಿರಲಿಲ್ಲವಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಕೊಡಿ ಅಂದಿತು. ಕೋರ್ಟಿಗೆ ಹೆಣ ಕಾಣುತ್ತದೆ, ಪಾಪ, ಮಂತ್ರ ಬರುವುದಿಲ್ಲ. ಈ ಅಧ್ಯಾಯಕ್ಕೆ ಷರಾ ಕೂಡ ಇಲ್ಲ, ಪುಟದುದ್ದಕ್ಕೂ ಅಡ್ಡಗೆರೆ.

ಹಟಕ್ಕೆ ಬಿದ್ದು ನಾಲ್ಕನೆಯದು ಬರೆದೆ. ಮಾಟವೂ ಬೇಡ, ಮಂತ್ರವೂ ಬೇಡ, ನಮ್ಮ ಬೀದಿಯಲ್ಲಿ ಕಂಡದ್ದನ್ನೇ ಬರೆದುಬಿಡೋಣ ಅಂತ. ಬೆಳಗಿನ ಜಾವ, ಇಬ್ಬರು. ಒಬ್ಬ ಹಾರೆಯಿಂದ ಮುಚ್ಚಳ ಮೀಟಿ ಬೀದಿ ಕಾಯುತ್ತ ನಿಂತ. ಇನ್ನೊಬ್ಬ ಅಂಗಿ ಬಿಚ್ಚಿ ಮಡಚಿ ಚಪ್ಪಲಿಯ ಮೇಲಿಟ್ಟು, ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ನಿಯಮದ ಪ್ರಕಾರ ಕೊಡಬೇಕಾದ ರಕ್ಷಣಾ ಸಾಮಗ್ರಿ 44 ಬಗೆಯವು. ಅವನ ಮೈಮೇಲಿದ್ದದ್ದು ಆ ಹಗ್ಗ, ಒಂದು ಚಡ್ಡಿ. ಅರ್ಧ ಗಂಟೆಗೆ ಮೇಲೆ ಬಂದ. ಎದುರುಮನೆ ಗೇಟಿನ ಹತ್ತಿರ ಹೋಗಿ, "ಅಮ್ಮಾ, ಒಂಚೂರು ನೀರು" ಅಂದ. ಆಕೆ ಚೊಂಬು ತಂದರು, ಅವನು ಬೊಗಸೆಯೊಡ್ಡಿದ. ಚೊಂಬು ತಾನಾಗಿ ಮೇಲೆದ್ದು, ಬೊಗಸೆಯಿಂದ ಎರಡು ಮೊಳ ಎತ್ತರದಲ್ಲಿ ನಿಂತು ಸುರಿಯಿತು.

ಸಂಜೆಯೇ ಸಂಪಾದಕರ ಫೋನು. "ಈಗ ದಾರಿಗೆ ಬಂದ್ರಿ ನೋಡಿ. ಗಾಳಿಯಲ್ಲಿ ತೇಲೋ ಚೊಂಬು! ಮ್ಯಾಜಿಕ್ ಅಂದ್ರೆ ಹಿಂಗಿರಬೇಕು. ಅದನ್ನೇ ಬೆಳೆಸಿ, ಗುಂಡಿ-ಗಿಂಡಿ ಎಲ್ಲ ತೆಗೀರಿ."