ಬಣವೆ ಅಲ್ಲೇ ಇತ್ತು, ಬೆಳಕು ಬದಲಾಯಿತು

'ದಿನಾ ಅದೇ ಬೆಳಗು, ಅದೇ ಕೆಲಸ. ಬರೆಯೋಕೆ, ಬಿಡಿಸೋಕೆ ಹೊಸದೇನಿದೆ?' ಅಂತ ಕೇಳುವವರು ಜಾಸ್ತಿ. ಎರಡು ದಿನ ಒಂದೇ ಥರ ಇರುತ್ತವೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ನಾವು ನೋಡುವುದನ್ನು ಬಿಟ್ಟಿರುತ್ತೇವೆ, ಅಷ್ಟೇ.

ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೋನೆಯನ್ನೇ ನೋಡಿ. 1890-91ರಲ್ಲಿ ಮನೆ ಹತ್ತಿರದ ಹೊಲದ ಬಣವೆಗಳನ್ನು ಮತ್ತೆ ಮತ್ತೆ ಬಿಡಿಸಿದ. ಸುಮಾರು 25 ಚಿತ್ರ! ಬಣವೆ ಇದ್ದಲ್ಲೇ ಇತ್ತು. ಬಿಸಿಲು ಸರಿಯಿತು, ನೆರಳು ಉದ್ದವಾಯಿತು, ಹಿಮ ಬಿತ್ತು. ಬೆಳಕು ಬದಲಾದರೆ ಒಂದು ಕ್ಯಾನ್ವಾಸ್ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಮುಂದೆ ಅವನ ಕಣ್ಣಿಗೇ ಪೊರೆ ಬಂತು. 1912ರಲ್ಲಿ ಡಾಕ್ಟರು ಹೇಳಿದರು, ಆಪರೇಷನ್ ಆಗಿದ್ದು 1923ರಲ್ಲಿ. ನಡುವಿನ ವರ್ಷಗಳಲ್ಲೂ ಕುಂಚ ಕೆಳಗಿಡಲಿಲ್ಲ. ಆ ಕಾಲದ ಕೆಲವು ಚಿತ್ರಗಳಲ್ಲಿ ಕೆಂಪು, ಕಂದು ತುಂಬಿಕೊಂಡಿವೆ. ಮೊದಲು ಹೊರಗಿನ ಬೆಳಕು ಬದಲಾಗಿತ್ತು, ಆಮೇಲೆ ನೋಡುವ ಕಣ್ಣೇ ಬದಲಾಯಿತು. ಎರಡೂ ಕ್ಯಾನ್ವಾಸಿಗೆ ಇಳಿದವು. ಇದು ನನ್ನನ್ನು ಬಹಳ ತಟ್ಟಿದೆ.

ನಾನು ಕಿಟಕಿ ಪಕ್ಕದ ಗಿಡವೊಂದನ್ನು ಪೆನ್ಸಿಲ್ಲಿನಲ್ಲಿ ಬಿಡಿಸುತ್ತೇನೆ. ಚಿಗುರು ಮೊದಲು ತಾಮ್ರದ ಬಣ್ಣ, ಮುಟ್ಟಿದರೆ ಬಟ್ಟೆಯ ಹಾಗೆ ಮೆತ್ತಗೆ, ತಲೆ ತಗ್ಗಿಸಿಕೊಂಡಿರುತ್ತದೆ. ಆಮೇಲೆ ನರಗಳ ಪಕ್ಕದಿಂದ ಹಸಿರು ಹತ್ತುತ್ತದೆ. ಅಂಚಿನ ಕೆಂಪು ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಸುಮ್ನೆ ನೋಡಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ. ಗೆರೆ ಎಳೆಯಬೇಕಾಗಿ ಬಂದಾಗಲೇ ಕಣ್ಣು ನಿಂತು ನೋಡಿದ್ದು.

ಅದಕ್ಕೇ ಹೇಳುತ್ತೇನೆ, ಮೊದಲು ಅರ್ಥ ಸಿಗಲಿ, ಆಮೇಲೆ ಬರೆಯೋಣ ಅಂತ ಕಾಯಬೇಡಿ. ಅರ್ಥ ಹುಟ್ಟುವುದೇ ಕೈ ಓಡುತ್ತಿರುವಾಗ. ಮಕ್ಕಳು ದೂರ ಹೋಗಿ ಮನೆ ಖಾಲಿಯಾದಾಗ, ಕೆಲಸದಿಂದ ನಿವೃತ್ತರಾದಾಗ, ಮೈ ಮೊದಲಿನಂತೆ ಮಾತು ಕೇಳದಾದಾಗ, ಒಳಗೆ ಏನಾಗುತ್ತಿದೆ ಅಂತ ನಮಗೇ ತಿಳಿದಿರುವುದಿಲ್ಲ. ಎರಡು ಸಾಲು ಬರೆದರೆ ನೋವು ಹೋಗಿಬಿಡುತ್ತದೆ ಅಂತಲ್ಲ. ಆದರೆ ಅದಕ್ಕೊಂದು ಆಕಾರ ಬರುತ್ತದೆ, ಎದುರಿಗಿಟ್ಟುಕೊಂಡು ನೋಡಬಹುದು.

ಇನ್ನೊಂದು ಮಾತು. ಬರೆದದ್ದನ್ನು, ಬಿಡಿಸಿದ್ದನ್ನೆಲ್ಲ ಆಗಲೇ ಸೋಶಿಯಲ್ ಮೀಡಿಯಾದಲ್ಲಿ ಹಾಕುವ ಅವಸರ ಯಾಕೆ? ಲೈಕ್ ಎಣಿಸಲು ಶುರು ಮಾಡಿದರೆ, ಯಾವುದಕ್ಕೆ ಜಾಸ್ತಿ ಬಂತೋ ಅದನ್ನೇ ಮತ್ತೆ ಮಾಡುತ್ತೇವೆ. ಕೈ ಅಲ್ಲೇ ನಿಂತುಬಿಡುತ್ತದೆ. ಸ್ವಲ್ಪ ಕಾಲ ಯಾರಿಗೂ ತೋರಿಸಬೇಡಿ. 'ನನಗೆ ಚೆನ್ನಾಗಿ ಬರಲ್ಲ' ಅನ್ನುವವರಿಗೂ ಇದೇ ಮಾತು. ಯಾರೂ ನೋಡದ ಪುಟದಲ್ಲಿ ಗೆರೆ ಸೊಟ್ಟಗಿದ್ದರೇನು, ಅಲ್ವಾ?