ಸೂಜಿ ಮೂರಾದದ್ದು ಯಾಕಂತ ಕೇಳಿದ್ದೇ ತಪ್ಪಾಯ್ತು ನೋಡಿ

ಮಾರಾಯ್ರೆ, ಇದನ್ನು ಬರೆಯದಿದ್ರೆ ನಂಗೆ ಇವತ್ತು ನಿದ್ರೆ ಬರ್ಲಿಕ್ಕಿಲ್ಲ.

ಚಿಕ್ಕವಳಿಗೆ ಒಂಬತ್ತು ತಿಂಗಳಾಯ್ತು, ಬುಧವಾರ ರಜೆ ಹಾಕಿ ಇಂಜೆಕ್ಷನ್‌ಗೆ ಕರ್ಕೊಂಡು ಹೋದೆವು. ದೊಡ್ಡವನಿಗೆ 2020ರಲ್ಲಿ ಇದೇ ಪ್ರಾಯಕ್ಕೆ ದಡಾರದ್ದು ಒಂದೇ ಸೂಜಿ, ಈಗ ನೋಡಿದ್ರೆ ಮೂರು, ಬಲಗೈಗೊಂದು ಎಡಗೈಗೊಂದು ತೊಡೆಗೊಂದು, ಮಗು ಕೂಗಿ ಕೂಗಿ ಕೆಂಪಾಗಿದೆ. ಇದೆಂತಕ್ಕೆ ಅಂತ ಹೆಂಡ್ತಿ ಕೇಳಿದ್ಲು, ಅವ್ಳು ಪುತ್ತೂರಿನವ್ಳು, ಮಲಯಾಳ ಬರುದಿಲ್ಲ. ಸಿಸ್ಟರ್ ಮಲಯಾಳದಲ್ಲೇ ದಡಬಡ ಎಂತದೋ ಹೇಳಿ, ಕಾರ್ಡಲ್ಲಿ ಉಂಟಲ್ಲ ಓದ್ಲಿಕ್ಕೆ ಆಗುದಿಲ್ವಾ ಅಂತ ಗದರಿದ್ರು. ಕಾರ್ಡ್ ಇರುವುದು ಬರೀ ಮಲಯಾಳದಲ್ಲಿ! ನಾನು ಇದೇ ಕಾಸರಗೋಡಿನಲ್ಲಿ ಕನ್ನಡ ಮೀಡಿಯಂ ಕಲ್ತವ, ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತೆ, ಅದು ಭಾಷಣಕ್ಕೆ ಮಾತ್ರವಾ?

ಮತ್ತೆ ಮಂಗಳೂರಲ್ಲಿ ಪರಿಚಯದ ಡಾಕ್ಟ್ರ ಹತ್ರ ಕೇಳಿದೆ. ತೊಡೆಯದ್ದು ನ್ಯುಮೋನಿಯಾದ್ದು, ಪಿಸಿವಿ ಅಂತ, ದೊಡ್ಡವ ಹುಟ್ಟುವಾಗ ಇಲ್ಲಿ ಸರ್ಕಾರದ್ದರಲ್ಲಿ ಇರ್ಲಿಲ್ಲ. ಎಡಗೈಯದ್ದು ಪೋಲಿಯೋದ ಮೂರನೇ ಡೋಸ್, 2023 ಜನವರಿಯಿಂದ ಸೇರಿಸಿದ್ದು. 2016ರಲ್ಲಿ ಬಾಯಿಗೆ ಹಾಕುವ ಹನಿಯಿಂದ ಎರಡನೇ ಟೈಪಿನ ವೈರಸ್ ತೆಗ್ದಿದ್ದಾರಲ್ಲ, ಆ ಟೈಪಿಗೆ ಈಗ ಈ ಸೂಜಿಯೇ ಗತಿ, ಅದೂ ಚರ್ಮದೊಳಗೆ 0.1 ಎಂಎಲ್, ಪೂರ್ತಿ ಡೋಸಿನ ಐದರಲ್ಲೊಂದು ಪಾಲು, ಹಾಗಾಗಿ ಇನ್ನೊಂದು ಕೊಟ್ರೆ ಗಟ್ಟಿಯಾಗ್ತದೆ ಅಂತ. ಇಷ್ಟೇ! ಎರಡು ನಿಮಿಷದ ಮಾತು, ಕೇಳಿ ನಂಗೆ ಸಮಾಧಾನವೂ ಆಯ್ತು. ಬದಲಾವಣೆ ಮಾಡ್ಲಿ ಮಾರಾಯ್ರೆ, ಹೊಸ ರೋಗಕ್ಕೆ ಹೊಸ ಮದ್ದು ಬರ್ಲಿ, ನಾವು ಬೇಡ ಅಂದದ್ದಾ? ಆದ್ರೆ ಅದನ್ನು ಕೇಳ್ಲಿಕ್ಕೆ ನಾನು ಗಡಿ ದಾಟಿ ಹೋಗ್ಬೇಕಾ?

ಇನ್ನೊಂದು ಮಜಾ ನೋಡಿ. ಫ್ಯಾಮಿಲಿ ಗ್ರೂಪಲ್ಲಿ ಭಾವ ಒಬ್ರು "ಮಕ್ಕಳ ಮೇಲೆ ಪ್ರಯೋಗ" ಅಂತ ಫಾರ್ವರ್ಡ್ ಹಾಕಿದ್ದಾರೆ, ಅದು ಮಾತ್ರ ಒಳ್ಳೇ ಅಚ್ಚಗನ್ನಡದಲ್ಲಿ ಉಂಟು, ಒಂದು ಅಕ್ಷರ ತಪ್ಪಿಲ್ಲ. ಸುಳ್ಳಿಗೆ ಕನ್ನಡ ಬರ್ತದೆ, ಆಸ್ಪತ್ರೆಗೆ ಬರುದಿಲ್ಲ. ಅಮ್ಮ ಅದನ್ನು ಓದಿ ಮುಂದಿನದ್ದು ಹಾಕಿಸುದೇ ಬೇಡ ಅಂತ ಕೂತಿದ್ದಾರೆ, ಅವ್ರಿಗೆ ನಾನು ಯಾವ ಕಾಗದ ತೋರಿಸ್ಲಿ?

ಹೆಂಡ್ತಿ ಈಗ ಕಾರ್ಡಿನ ಪ್ರತೀ ಸಾಲಿನ ಪಕ್ಕ ಪೆನ್ಸಿಲಲ್ಲಿ ಕನ್ನಡದಲ್ಲಿ ಬರ್ದಿಟ್ಟಿದ್ದಾಳೆ. ಹದಿನಾರು ತಿಂಗಳಿಗೆ ಹೋದಾಗ ಕಾರ್ಡಲ್ಲಿ ಗೀಚಿದ್ದು ಯಾರು ಅಂತ ಅದಕ್ಕೂ ಬೈತಾರೆ, ಬೇಕಾದ್ರೆ ಬೆಟ್ ಕಟ್ಟುವ.